ಎಡಕ್ಕೆ ತಿರುಗಿಸಿದಾಗಿನ ಸದ್ದು

ಆ ಸದ್ದು ಮೊದಲು ಕೇಳಿಸಿದ್ದು ಡಾಕ್ಟರಮ್ಮನಿಗೆ, ಮಂಚಯ್ಯನಿಗಲ್ಲ.

"ಮಂಚಯ್ಯ, ಎಡಕ್ಕೆ ತಿರುಗಿಸಿದಾಗಲೆಲ್ಲ ಏನೋ ಕಟಕ್ ಅನ್ನುತ್ತಲ್ಲ, ಏನದು?" ಎಂದು ಸುನಂದಮ್ಮ ಹಿಂದಿನ ಸೀಟಿನಿಂದ ಕೇಳಿದರು. ಕೊಪ್ಪದಿಂದ ಪಿರಿಯಾಪಟ್ಟಣಕ್ಕೆ ವಾಪಸು ಬರುತ್ತಿದ್ದರು. ಮಂಚಯ್ಯ ಕಿವಿಗೊಟ್ಟ. ಮುಂದಿನ ತಿರುವಿನಲ್ಲಿ ಅವನಿಗೂ ಕೇಳಿಸಿತು. ಬೆರಳಿನ ಗಂಟು ಮುರಿದ ಹಾಗೆ ಒಂದೇ ಒಂದು ಸಲ, ಕಟಕ್.

ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು, ಬಿಡಿ ಸಾಮಾನಂತೂ ಮೈಸೂರಿನಲ್ಲೇ ಸಿಗುತ್ತಿರಲಿಲ್ಲ. ಸುನಂದಮ್ಮ ಪಿರಿಯಾಪಟ್ಟಣದಲ್ಲಿ ಸ್ವಂತದ್ದೊಂದು ಹೆರಿಗೆ ದವಾಖಾನೆ ಇಟ್ಟುಕೊಂಡಿದ್ದರು. ಮೈಸೂರಿನಲ್ಲಿ ವಕೀಲರಾಗಿದ್ದ ತಂದೆ ತೀರಿಕೊಂಡ ಮೇಲೆ ಅವರ ಹಳೆಯ ಅಮೆರಿಕದ ಕಾರು, ಅದನ್ನು ಓಡಿಸುತ್ತಿದ್ದ ಮಂಚಯ್ಯ, ಎರಡೂ ಮಗಳ ಪಾಲಿಗೆ ಬಂದಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗಾದರೂ ಹೆರಿಗೆ ಕಷ್ಟವಾದರೆ ಆ ಕಾರು ಹೋಗಬೇಕು. ಅದು ಹೋಗದಿದ್ದರೆ ಎತ್ತಿನ ಗಾಡಿಯೇ ಗತಿ. ಗಾಡಿ ತಲುಪುವಷ್ಟರಲ್ಲಿ ಆಗುವುದು ಆಗಿ ಹೋಗಿರುತ್ತಿತ್ತು.

ಮಂಚಯ್ಯನಿಗೆ ಮೂವತ್ತಾರು ವರ್ಷ. ಹುಣಸೂರಿನ ಕಡೆಯವನು, ಊರಾಚೆಯ ಕೇರಿಯಲ್ಲಿ ಹುಟ್ಟಿದವನು. ಅವನ ಕೇರಿಯಲ್ಲಿ ಸ್ಟೇರಿಂಗ್ ಹಿಡಿದವನು ಅವನೊಬ್ಬನೇ. ಅದಕ್ಕೇ ಇರಬೇಕು, ಗಾಡಿಯ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಎಂಬ ಹಟ ಅವನಿಗೆ. ಹೆಂಡ, ಸಾರಾಯಿ ಮುಟ್ಟಿದವನಲ್ಲ.

ಮರುದಿನ ಬೆಳಗ್ಗೆ ದವಾಖಾನೆಯ ಅಂಗಳದಲ್ಲಿ ಅವನು ಸದ್ದಿನ ಮೂಲ ಹುಡುಕಲು ಕೂತ. ಮೊದಲು ಸ್ಪ್ರಿಂಗ್ ಪ್ಲೇಟುಗಳು ಒಣಗಿರಬಹುದೆಂದು ಎಣ್ಣೆ ಬಿಟ್ಟು ಊರ ಸುತ್ತ ಒಂದು ಸುತ್ತು ಹಾಕಿ ಬಂದ. ಸದ್ದು ಹಾಗೇ ಇತ್ತು. ಜಾಕಿ ಹಾಕಿ ಮುಂದಿನ ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿದ. ಕಿಂಗ್‌ಪಿನ್ನು ಎಂಬ ಚಕ್ರದ ಕೀಲು ಸವೆದಿದ್ದರೆ ಚಕ್ರ ಅಲ್ಲಾಡಬೇಕು, ಅದು ಅಲ್ಲಾಡಲಿಲ್ಲ. ಸ್ಟೇರಿಂಗ್ ಬಾಕ್ಸಿನ ಮುಚ್ಚಳ ತೆಗೆದು ಬೆರಳು ಹಾಕಿ ನೋಡಿದ. ಗ್ರೀಸು ಸಾಕಷ್ಟಿತ್ತು, ಹಲ್ಲುಗಳು ನೆಟ್ಟಗಿದ್ದವು.

"ಅಮ್ಮಾವ್ರೇ, ತಾವು ಒಂದ್ ಗಳಿಗೆ ಸ್ಟೇರಿಂಗ್ ಮುಂದೆ ಕೂತ್ಕಂಡು ಎಡಕ್ಕೂ ಬಲಕ್ಕೂ ವಸಿವಸಿ ಆಡಿಸ್ತೀರಾ?"

ಸುನಂದಮ್ಮ ಸೆರಗು ಸಿಕ್ಕಿಸಿಕೊಂಡು ಕೂತರು. ಮಂಚಯ್ಯ ಕಾರಿನ ಅಡಿಗೆ ತೆವಳಿ, ಒಂದೊಂದು ಕೀಲಿನ ಮೇಲೂ ಅಂಗೈ ಇಟ್ಟು ಕಾದ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ತೋಳಿಗೆ ಹೋಗುವ ಒಂದು ಉದ್ದ ಕಂಬಿಯಿದೆ. ಅದರ ಎರಡು ತುದಿಗಳಲ್ಲೂ ಒಂದೊಂದು ಉಕ್ಕಿನ ಗುಂಡು, ಗುಂಡು ಕೂರಲು ಒಂದೊಂದು ಬಟ್ಟಲು, ಬಟ್ಟಲನ್ನು ಒತ್ತಿ ಹಿಡಿಯಲು ಸ್ಪ್ರಿಂಗು. ಹಿಂದಿನ ತುದಿ ಮೌನವಾಗಿತ್ತು. ಮುಂದಿನ ತುದಿಯ ಮೇಲೆ ಕೈಯಿಟ್ಟಾಗ ಅಂಗೈಗೆ ಪೆಟ್ಟು ತಾಗಿತು.

"ಸಿಕ್ತು ಬುಡಿ ಅಮ್ಮಾವ್ರೇ!" ಎಂದು ಅಡಿಯಿಂದಲೇ ಕೂಗಿದ.

ಬಿಚ್ಚಿದಾಗ ಆ ಉತ್ಸಾಹ ಉಳಿಯಲಿಲ್ಲ. ಗುಂಡು ಸವೆದು ಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಬಟ್ಟಲು ಸೀಳಿತ್ತು. ಸ್ಪ್ರಿಂಗು ಎರಡು ತುಂಡು.

"ಇದು ಕಳಚ್ಕಂಡ್ರೆ ಸ್ಟೇರಿಂಗು ಕೈಲಿರ್ತದೆ, ಚಕ್ರ ಅದರ ಪಾಡಿಗೆ ಓಯ್ತದೆ" ಎಂದ. "ಹೊಸದೇ ಆಗ್ಬೇಕು. ಯೋಚ್ನೆ ಮಾಡ್ಬೇಡಿ, ಹುಣಸೂರಲ್ಲಿ ಸಣ್ಮುಕಪ್ಪ ಅವ್ನೆ."

ಷಣ್ಮುಖಪ್ಪನ ಹೆಸರು ಹೇಳುವಾಗ ಮಂಚಯ್ಯನ ದನಿಯಲ್ಲಿ ಒಂದು ಹೆಮ್ಮೆ ಇರುತ್ತಿತ್ತು. ಹದಿನೈದು ವರ್ಷಗಳ ಹಿಂದೆ ಇಬ್ಬರೂ ಮೈಸೂರಿನಲ್ಲಿ ಒಬ್ಬರೇ ಉಸ್ತಾದರ ಹತ್ತಿರ ಕೆಲಸ ಕಲಿತಿದ್ದರು. ಒಂದೇ ಚಾಪೆಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡಿದ್ದರು. ಷಣ್ಮುಖಪ್ಪನಿಗೆ ವಿಷಮಶೀತ ಜ್ವರ ಬಂದಾಗ ಇಪ್ಪತ್ತೊಂದು ದಿನ ಗಂಜಿ ಕುಡಿಸಿದವನು ಮಂಚಯ್ಯ. ಈಗ ಷಣ್ಮುಖಪ್ಪ ಹುಣಸೂರಿನಲ್ಲಿ ಗ್ಯಾರೇಜು ಇಟ್ಟಿದ್ದ, ಹುಣಸೂರಿಗೂ ಹೆಗ್ಗಡದೇವನಕೋಟೆಗೂ ಒಂದು ಬಸ್ಸು ಓಡಿಸುತ್ತಿದ್ದ. ಊರಲ್ಲಿ ಅವನ ಮನೆತನಕ್ಕೆ ಹೆಸರಿತ್ತು. ಹಾಗಾಗಿ ಹುಣಸೂರಿನಲ್ಲಿ ಮಂಚಯ್ಯ ಅವನನ್ನು ನಾಲ್ಕು ಜನರೆದುರು "ಷಣ್ಮುಖಪ್ಪೋರೆ" ಅನ್ನುತ್ತಿದ್ದ, ಊಟಕ್ಕೆ ಜಗಲಿಯ ತುದಿಯಲ್ಲಿ ಎಲೆ ಹಾಕಿದರೆ ಅಲ್ಲೇ ಕೂತು ಉಣ್ಣುತ್ತಿದ್ದ. ಊರಿನ ರೀತಿ ಹಾಗೆ, ಅವನೇನು ಮಾಡಿಯಾನು ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಷಣ್ಮುಖಪ್ಪ ಮೈಸೂರು, ಬೆಂಗಳೂರು ಎಲ್ಲ ಕಡೆ ಹುಡುಕಿಸಿದ. ಹದಿನೈದು ದಿನವಾದ ಮೇಲೆ ಹೇಳಿ ಕಳಿಸಿದ: ಒಂದೇ ಒಂದು ಜೊತೆ ಸಿಕ್ಕಿದೆ, ಕಾರು ತಗೊಂಡು ಬಾ.

ಮಂಚಯ್ಯ ಆ ಹದಿನೈದು ದಿನ ಕಾರನ್ನು ಶೆಡ್ಡಿನಿಂದ ತೆಗೆದಿರಲಿಲ್ಲ. ಮುರಿದ ಸ್ಪ್ರಿಂಗನ್ನು ತಂತಿಯಿಂದ ಬಿಗಿದು, ನಡಿಗೆಯ ವೇಗದಲ್ಲಿ ಒಬ್ಬನೇ ಹುಣಸೂರಿಗೆ ಓಡಿಸಿಕೊಂಡು ಹೋದ. ಷಣ್ಮುಖಪ್ಪ ಎಣ್ಣೆಕಾಗದ ಬಿಡಿಸಿ ಗುಂಡು, ಬಟ್ಟಲು, ಸ್ಪ್ರಿಂಗು ತೋರಿಸಿದ. ಮಂಚಯ್ಯ ಗುಂಡನ್ನು ಅಂಗೈಯಲ್ಲಿಟ್ಟು ಉರುಳಿಸಿ ನೋಡಿದ.

"ಕಣ್ಣಿಗೆ ಒತ್ಕೋಬೇಕು ಕಣೋ" ಎಂದ.

"ನಾನು ಹಾಕ್ತೀನಿ ಬುಡ್ಲಾ. ನೀನು ಮನೆ ತಾವ ಹೋಗಿ ಉಂಡ್ಕಂಡು ಬಾ. ಸಾಕಮ್ಮ ಕಾಳುಸಾರು ಮಾಡವ್ಳೆ, ಹೇಳಿದೀನಿ."

ಮಂಚಯ್ಯ ಹೋಗಿ ಉಂಡ. ಸಾಕಮ್ಮ, ಷಣ್ಮುಖಪ್ಪನ ಹೆಂಡತಿ, ಬೇಡ ಬೇಡ ಎಂದರೂ ಇನ್ನೊಂದು ಮುದ್ದೆ ಹಾಕಿದಳು. ಅವನು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಸ್ಟೇರಿಂಗ್ ತಿರುಗಿಸಿದ. ಸದ್ದಿಲ್ಲ. ಬೆಣ್ಣೆಯಲ್ಲಿ ಕೈಯಾಡಿಸಿದಂತಿತ್ತು. ಮುಚ್ಚಳ ಬಿಚ್ಚಿ ಒಮ್ಮೆ ನೋಡಬೇಕು ಎಂಬ ಯೋಚನೆಯೇ ಅವನಿಗೆ ಬರಲಿಲ್ಲ. ಬೇರೆ ಯಾರು ಮಾಡಿದ್ದರೂ ನೋಡುತ್ತಿದ್ದ.

ಮೂರು ವಾರ ಕಾರು ಸುಮ್ಮನೆ ಓಡಿತು. ಆಮೇಲೆ ಸದ್ದು ಬೇರೆ ಬಗೆಯಲ್ಲಿ ಶುರುವಾಯಿತು. ಕಟಕ್ ಅಲ್ಲ, ಬಟ್ಟೆ ಸುತ್ತಿದ ಕಲ್ಲಿಗೆ ಕಲ್ಲು ತಾಗಿದ ಹಾಗೆ, ಗುಡ್ ಎಂದು. ಮಂಚಯ್ಯ ಹುಣಸೂರಿಗೆ ಔಷಧಿ ತರಲು ಹೋದಾಗ ಷಣ್ಮುಖಪ್ಪನನ್ನು ಕಂಡು ಹೇಳಿದ.

"ಹೊಸ ಸಾಮಾನು ಕಣ್ಲಾ, ಕೂತ್ಕಳೋಕೆ ಟೈಮು ಬ್ಯಾಡ್ವಾ?" ಎಂದ ಷಣ್ಮುಖಪ್ಪ. ಅವನು ಯಾವುದೋ ಟಯರಿನ ಮೇಲೆ ಬಗ್ಗಿದ್ದ, ತಲೆ ಎತ್ತಲಿಲ್ಲ. "ಬಿಚ್ಚೋಕೆ ಮಾತ್ರ ಹೋಗ್ಬ್ಯಾಡ. ತಿರುಪಿನ ಮರೆ ಕೆಟ್ಟೋದ್ರೆ ಇನ್ನೊಂದು ಮುಚ್ಚಳ ಎಲ್ಲಿಂದ ತರಾನ?"

ಮಂಚಯ್ಯ ಆ ಮಾತನ್ನೂ ನಂಬಿದ.

ಆಮೇಲೆ ನಾಲ್ಕು ದಿನಕ್ಕೆ ಬೆಟ್ಟದಪುರದ ಹತ್ತಿರದ ಒಂದು ಹಳ್ಳಿಯಿಂದ ಕರೆ ಬಂತು. ದೊಡ್ಡತಾಯಮ್ಮ ಎಂಬ ಹೆಂಗಸಿಗೆ ಹಿಂದಿನ ದಿನದಿಂದ ನೋವು, ಮಗು ಅಡ್ಡವಾಗಿದೆ. ಬಿಸಿಲೇರುವ ಮೊದಲೇ ಸುನಂದಮ್ಮ, ಮಂಚಯ್ಯ ಇಬ್ಬರೂ ಹೊರಟರು. ಬೆಟ್ಟ ಎದುರಿಗೆ ಕಾಣುತ್ತಿತ್ತು. ಕೆರೆ ಏರಿಯ ಮೇಲೆ ರಸ್ತೆ ಎಡಕ್ಕೆ ಹೊರಳುವಲ್ಲಿ ಮಂಚಯ್ಯ ಸ್ಟೇರಿಂಗ್ ತಿರುಗಿಸಿದ. ಅದು ಸುಮ್ಮನೆ ತಿರುಗಿತು. ಕಾರು ತಿರುಗಲಿಲ್ಲ.

ಬ್ರೇಕು ತುಳಿದು, ಕೈಬ್ರೇಕು ಎಳೆದ. ಕಾರು ಓರೆಯಾಗಿ ಜಾರಿ ಏರಿಯಿಂದ ಗದ್ದೆಯ ಕಡೆಗೆ ಇಳಿದು ಹೊಂಗೆ ಮರಕ್ಕೆ ಬಡಿದು ನಿಂತಿತು. ಇನ್ನೊಂದು ಕಡೆಗೆ ಹೋಗಿದ್ದರೆ ಕೆರೆ.

ಮಂಚಯ್ಯನ ಹಣೆ ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಹಿಂದೆ ತಿರುಗಿ ನೋಡಿದ. ಸುನಂದಮ್ಮ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕೂತಿದ್ದರು. ಮಣಿಕಟ್ಟು ಸೊಟ್ಟಗಾಗಿತ್ತು.

"ಮುರಿದಿದೆ" ಎಂದರು ಅವರು, ಬೇರೆ ಯಾರದೋ ಕೈಯ ಬಗ್ಗೆ ಹೇಳುವ ಹಾಗೆ. "ಆ ಗದ್ದೇಲಿ ಗಾಡಿ ಕಾಣುತ್ತಲ್ಲ, ಕೂಗು. ನನ್ನ ಪೆಟ್ಟಿಗೆ ಎತ್ತಿ ಇಡು."

ಕೈಗೆ ಎರಡು ಬಿದಿರು ದಬ್ಬೆ ಕಟ್ಟಿಸಿಕೊಂಡು ಅವರು ಎತ್ತಿನ ಗಾಡಿಯಲ್ಲಿ ಹೋದರು. ಬಲಗೈ ಒಂದರಲ್ಲೇ, ದೊಡ್ಡತಾಯಮ್ಮನ ಅತ್ತೆಗೆ ಹೇಳಿ ಹೇಳಿ ಮಾಡಿಸುತ್ತ, ಮಧ್ಯಾಹ್ನದ ಹೊತ್ತಿಗೆ ಮಗುವನ್ನು ತಿರುಗಿಸಿ ತೆಗೆದರು. ತಾಯಿ, ಮಗು ಉಳಿದರು. ಆದರೆ ಡಾಕ್ಟರಮ್ಮನ ಎಡಗೈಯ ಎರಡು ಬೆರಳು ಮುಂದೆ ಎಂದೂ ಪೂರ್ತಿ ಮಡಚಿಕೊಳ್ಳಲಿಲ್ಲ.

ಕಾರನ್ನು ಎರಡು ಜೋಡಿ ಎತ್ತು ಕಟ್ಟಿ ಪಿರಿಯಾಪಟ್ಟಣಕ್ಕೆ ಎಳೆಸಿ ತಂದದ್ದು ಮೂರನೆಯ ದಿನ. ಅಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಮಂಚಯ್ಯನ ಹೆಂಡತಿ ಬೀರಮ್ಮ ಹುಣಸೂರು ಸಂತೆಗೆ ಹೋಗಿದ್ದವಳು ಬುಟ್ಟಿಯನ್ನೂ ಇಳಿಸದೆ ಬಾಗಿಲಲ್ಲೇ ನಿಂತಳು.

"ನೀನು ಕುಡ್ದಿದ್ಯಂತೆ" ಎಂದಳು.

"ಯಾರ್ ಅಂದೋರು?"

"ಸಂತೇಲಿ ಎಲ್ಲಾರೂ ಅಂತಾವ್ರೆ. ಸಣ್ಮುಕಪ್ಪೋರೇ ಹೇಳುದ್ರಂತೆ. ನಾನು ಹೊಸ ಸಾಮಾನು ಹಾಕ್ಕೊಟ್ಟಿದ್ದೆ, ಅವ್ನು ಕುಡ್ದು ಓಡ್ಸಿ ಮರಕ್ಕೆ ಗುದ್ದವ್ನೆ, ಆ ಕೇರಿಯೋರ ಕೈಗೆ ಗಾಡಿ ಕೊಟ್ರೆ ಇನ್ನೇನಾದಾತು ಅಂದ್ರಂತೆ."

"ಸುಳ್ಳು" ಎಂದ ಮಂಚಯ್ಯ. "ಅವ್ನು ಅಂಗೆ ಅನ್ನಾಕಿಲ್ಲ. ಯಾರೋ ಕಟ್ಟಿ ಹೇಳವ್ರೆ."

ಬೀರಮ್ಮ ಗಂಡನ ಮುಖವನ್ನೇ ನೋಡಿದಳು. "ನನ್ ಕಿವಿಯಾರೆ ಕೇಳ್ದೆ ಕಣ. ಬಸ್ಸಿನ ತಾವ ನಿಂತ್ಕಂಡು ಅಮಲ್ದಾರ್ ಕಚೇರಿ ಗುಮಾಸ್ತರಿಗೆ ಹೇಳ್ತಿದ್ರು. ನಾನು ಹಿಂದ್ಗಡೆ ಇದ್ದೆ. ನೀನು ನೊಂದ್ಕತೀಯ ಅಂತ ಜನದ ಮೇಲೆ ಹಾಕ್ದೆ."

ಮಂಚಯ್ಯ ಎದ್ದು ದವಾಖಾನೆಗೆ ಹೋದ. ಅಲ್ಲಿ ಸುನಂದಮ್ಮನ ಅಣ್ಣ ಮೈಸೂರಿನಿಂದ ಬರೆದ ಕಾಗದ ಬಂದಿತ್ತು: ಡ್ರೈವರನ್ನು ಈ ಕ್ಷಣ ಬಿಡಿಸು. ಸುನಂದಮ್ಮ ಅದನ್ನು ಅವನಿಗೆ ಓದಿ ಹೇಳಿ, ಮಡಚಿಟ್ಟರು.

"ನೀನು ಕುಡಿಯಲ್ಲ ಅಂತ ನನಗೆ ಗೊತ್ತು. ಹಿಂದೆ ಕೂತಿದ್ದವಳು ನಾನು. ಆದರೆ ಏನಾಯಿತು ಅಂತ ಗೊತ್ತಾಗಬೇಕು. ಬಿಚ್ಚು, ನನ್ನೆದುರಿಗೇ ಬಿಚ್ಚು."

ಮಂಚಯ್ಯ ಕಂಬಿಯ ಮುಂದಿನ ತುದಿಯನ್ನು ಬಿಚ್ಚಿದ. ಗ್ರೀಸು ಅತಿಯಾಗಿ ತುಂಬಿತ್ತು. ಅದನ್ನು ಬೆರಳಿನಿಂದ ಬಳಿದು ತೆಗೆದ. ಒಳಗೆ ಅದೇ ಸೀಳಿದ ಬಟ್ಟಲು. ತೋಳಿನ ತುದಿಯಲ್ಲಿ ಅದೇ ಮೊಟ್ಟೆಯಾಕಾರದ ಗುಂಡು. ಗುಂಡಿಗೂ ಬಟ್ಟಲಿಗೂ ನಡುವೆ ಹಳೆಯ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕತ್ತರಿಸಿ ತುರುಕಿದ್ದರು. ಅದು ಜಜ್ಜಿ ನಾರುನಾರಾಗಿತ್ತು.

ಅದೇನೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಮೈಸೂರಿನಲ್ಲಿ ಕೆಲವರು ಸವೆದ ಕಾರನ್ನು ಮಾರುವ ಮುಂಚೆ ಹೀಗೆ ಚರ್ಮ ತುರುಕುತ್ತಿದ್ದರು. ಒಂದು ತಿಂಗಳು ಸದ್ದು ಬಾರದು. ಒಮ್ಮೆ ಅವನೂ ಷಣ್ಮುಖಪ್ಪನೂ ಕಲಿಯುವ ಉತ್ಸಾಹದಲ್ಲಿ ಅದನ್ನು ಮಾಡಿ ನೋಡಿದ್ದರು. ಉಸ್ತಾದರು ಇಬ್ಬರಿಗೂ ಬೆಲ್ಟಿನಿಂದ ಹೊಡೆದು, ಸದ್ದು ಮುಚ್ಚುವವನು ಮೆಕ್ಯಾನಿಕ್ ಅಲ್ಲ, ಕೊಲೆಗಾರ ಎಂದಿದ್ದರು. ಆ ದಿನ ಷಣ್ಮುಖಪ್ಪ ಅತ್ತಿದ್ದ.

ಮಂಚಯ್ಯ ಅಟ್ಟೆಯ ತುಂಡಿನ ಗ್ರೀಸು ಒರೆಸಿ ಜೇಬಿಗೆ ಹಾಕಿಕೊಂಡ. ಸುನಂದಮ್ಮ ಮೆಲ್ಲಗೆ ಕೇಳಿದರು: "ಆವತ್ತು ನೀನು ಒಮ್ಮೆ ಬಿಚ್ಚಿ ನೋಡಲಿಲ್ವೆ?"

"ಇಲ್ಲ ಅಮ್ಮಾವ್ರೇ" ಎಂದ. "ಅವ್ನು ಮಾಡಿದ್ದ ಅಂತ ನೋಡ್ಲಿಲ್ಲ."

ಮಾರನೆಯ ಬೆಳಗ್ಗೆ ಹೋಗಿಬರುವ ಗಾಡಿಯೊಂದರಲ್ಲಿ ಹುಣಸೂರಿಗೆ ಹೋದ. ಷಣ್ಮುಖಪ್ಪನ ಹೆಗ್ಗಡದೇವನಕೋಟೆಯ ಬಸ್ಸು ಹೊರಡಲು ನಿಂತಿತ್ತು. ಮೂವತ್ತು ಮಂದಿ ಗಂಟುಮೂಟೆ ಸಮೇತ ಹತ್ತುತ್ತಿದ್ದರು. ಮಂಚಯ್ಯ ಯಾರನ್ನೂ ಕೇಳದೆ ಬಸ್ಸಿನ ಮುಂದೆ ಮಲಗಿ ಅಡಿಗೆ ತೆವಳಿದ. ಆ ಬಸ್ಸೂ ಕಾರಿನ ಕಂಪನಿಯದೇ, ಕೀಲುಗಳ ಅಳತೆಯೂ ಒಂದೇ; ಹೊಸ ಗುಂಡು ಅಲ್ಲಿಗೇ ಹೋಗಿರಬೇಕೆಂದು ಅವನು ರಾತ್ರಿಯೇ ಊಹಿಸಿದ್ದ. ಬಸ್ಸಿನ ಅಡಿಯೆಲ್ಲ ಕೆಸರು, ಎಣ್ಣೆಜಿಡ್ಡು. ಅದರ ಮಧ್ಯೆ ಕಂಬಿಯ ತುದಿಯ ಗುಂಡೊಂದರ ಕತ್ತು ಹೊಸದಾಗಿ ಹೊಳೆಯುತ್ತಿತ್ತು.

ಹೊರಗೆ ಬಂದಾಗ ಷಣ್ಮುಖಪ್ಪ ಎದುರಿಗೇ ನಿಂತಿದ್ದ.

"ಆ ಕಡೀಕೆ ಬಾರ್ಲಾ, ಮಾತಾಡಾನ" ಎಂದ, ಸಣ್ಣ ದನಿಯಲ್ಲಿ.

"ಇಲ್ಲೇ ಯೋಳ್ಲಾ ಸಣ್ಮುಕ" ಎಂದ ಮಂಚಯ್ಯ. ಹುಣಸೂರಿನ ಬೀದಿಯಲ್ಲಿ ಅವನು ಷಣ್ಮುಖಪ್ಪನನ್ನು ಹಾಗೆ ಕರೆದದ್ದು ಅದೇ ಮೊದಲು. ಹತ್ತುತ್ತಿದ್ದವರು ತಿರುಗಿ ನೋಡಿದರು. ಮಂಚಯ್ಯ ಅಟ್ಟೆಯ ತುಂಡನ್ನು ಎತ್ತಿ ಹಿಡಿದ. "ಇದ್ಯಾರು ತುರುಕ್ದೋರು?"

ಷಣ್ಮುಖಪ್ಪ ಅತ್ತಿತ್ತ ನೋಡಿದ. ಆಮೇಲೆ ದನಿ ತಗ್ಗಿಸಿ ಬಡಬಡನೆ ಹೇಳಿದ: "ಆವತ್ತು ಬೆಳಗ್ಗೇನೆ ಬಸ್ಸಿನ ಗುಂಡು ಒಡೆದೋಯ್ತು ಕಣೋ. ನಿನ್ನ ಕಾರಲ್ಲಿ ಇಬ್ರು. ಇದರಲ್ಲಿ ಮೂವತ್ತು ಜನ. ನಾನೇನ್ ಮಾಡ್ಲಿ ಯೋಳು? ಇನ್ನೊಂದು ಜೊತೆ ಬತ್ತದೆ, ಬಂದೇಟ್ಗೆ ಹಾಕ್ಕೊಡಾನ ಅಂತಿದ್ದೆ."

"ನಂಗೆ ಒಂದ್ ಮಾತು ಯೋಳಿದ್ರೆ ನಾನೇ ನಿನ್ ಬಸ್ಗೆ ಆಕ್ಕೊಡ್ತಿದ್ನಲ್ಲೋ. ಕಾರ್ನ ಶೆಡ್ಡಲ್ಲಿ ನಿಲ್ಲುಸ್ತಿದ್ದೆ, ಅಮ್ಮಾವ್ರು ಗಾಡೀಲಿ ಓಯ್ತಿದ್ರು. ಉಣ್ಣಾಕೆ ಕಳ್ಸಿ ಈ ಕೆಲ್ಸ ಮಾಡ್ದಲ್ಲೋ. ನಾನು ಬಂದು ಸದ್ದು ಬತ್ತದೆ ಅಂದಾಗ್ಲೂ ಬಿಚ್ಚಬ್ಯಾಡ ಅಂದ್ಯಲ್ಲೋ."

ಷಣ್ಮುಖಪ್ಪ ಕೈಯ ಜಿಡ್ಡನ್ನು ಪಂಚೆಗೆ ಒರೆಸಿಕೊಂಡ.

"ಅದೂ ಓಗ್ಲಿ ಬುಡು. ಮೂವತ್ತು ಜನ ಅಂದೆ, ಒಪ್ಕತೀನಿ. ನಾನು ಕುಡ್ದಿದ್ದೆ ಅಂತ ಯಾಕಂದೆ?"

ಷಣ್ಮುಖಪ್ಪ ಒಂದು ಹೆಜ್ಜೆ ಹತ್ತಿರ ಬಂದ. ಮಂಚಯ್ಯನಿಗೆ ಮಾತ್ರ ಕೇಳುವ ಹಾಗೆ ಹೇಳಿದ: "ಜನ ನಂಬ್ತಾರೆ ಅಂತ."

ಮಂಚಯ್ಯನ ಸೊಂಟದಲ್ಲಿ ಸ್ಪ್ಯಾನರ್ ಇತ್ತು. ಆ ಗುಂಡನ್ನು ಬಿಚ್ಚಿಕೊಂಡೇ ಹೋಗುವುದೆಂದು ಪಿರಿಯಾಪಟ್ಟಣದಿಂದ ನಿಶ್ಚಯ ಮಾಡಿ ಬಂದಿದ್ದ. ಈಗ ಬಸ್ಸಿನ ಕಿಟಕಿಗಳಿಂದ ಮುಖಗಳು ಇಣುಕುತ್ತಿದ್ದವು. ಕೋಟೆಯ ಕಡೆಯ ಮುದುಕಿಯೊಬ್ಬಳು "ಬಸ್ಸು ಒಂಡ್ತದಾ ಇಲ್ವಾ ಯಪ್ಪಾ?" ಎಂದು ಕೇಳಿದಳು.

"ಒಂಡ್ತದೆ ಕಣವ್ವ" ಎಂದ ಮಂಚಯ್ಯ. "ಸ್ಟೇರಿಂಗು ಗಟ್ಯಾಗದೆ, ಎದರ್ಬ್ಯಾಡ." ಷಣ್ಮುಖಪ್ಪನ ಕಡೆ ತಿರುಗಿದ. "ಈಗ ಇವರೆಲ್ಲರ ಎದುರ್ಗೆ ಒಂದ್ ಮಾತು ಯೋಳು. ಮಂಚ ಕುಡ್ದಿರ್ಲಿಲ್ಲ ಅಂತ. ಅಷ್ಟೇ ಸಾಕು ನಂಗೆ."

ಷಣ್ಮುಖಪ್ಪ ಬಾಯಿ ತೆರೆದ. ಗುಂಪಿನಲ್ಲಿ ಅವನ ಬೀದಿಯ ಹಿರಿಯರಿದ್ದರು, ಕಚೇರಿಯ ಗುಮಾಸ್ತನಿದ್ದ. ಅವನು ಬಾಯಿ ಮುಚ್ಚಿಕೊಂಡು, ಬಸ್ಸು ಹತ್ತಿ, ಎಂಜಿನ್ ಶುರು ಮಾಡಿಸಿದ. ಮಂಚಯ್ಯ ಪಕ್ಕಕ್ಕೆ ಸರಿದು ನಿಂತ. ಬಸ್ಸು ಕೋಟೆಯ ಕಡೆಗೆ ಹೋಯಿತು.

ಸುನಂದಮ್ಮ ಪೊಲೀಸರಿಗೆ ಬರೆಯುತ್ತೇನೆಂದರು. ಮಂಚಯ್ಯ ಬೇಡವೆಂದ. ಅವರು ಅಣ್ಣನಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆದು, ಡ್ರೈವರನ್ನು ಬಿಡಿಸುವುದಿಲ್ಲ ಎಂಬ ಕೊನೆಯ ಸಾಲಿಗೆ ಅಡಿಗೆರೆ ಎಳೆದರು.

ಹೊಸ ಸಾಮಾನಿಗೆ ಕಾಯುವ ಮನಸ್ಸು ಮಂಚಯ್ಯನಿಗಿರಲಿಲ್ಲ. ಪಿರಿಯಾಪಟ್ಟಣದಲ್ಲಿ ದಾಸಯ್ಯ ಎಂಬ ವಯಸ್ಸಾದ ಕಮ್ಮಾರನಿದ್ದ. ಕೆಟ್ಟು ನಿಂತಿದ್ದ ಲಾರಿಯೊಂದರ ಅಚ್ಚಿನ ಉಕ್ಕನ್ನು ಅವನ ಕುಲುಮೆಯಲ್ಲಿ ಕಾಯಿಸಿ ಬಡಿದು ಗುಂಡು, ಬಟ್ಟಲುಗಳ ರೂಪಕ್ಕೆ ತಂದರು. ಆಮೇಲೆ ಆರು ದಿನ ಮಂಚಯ್ಯ ಅರ ಹಿಡಿದು ಕೂತ. ಬಟ್ಟಲಿನೊಳಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಸವರಿ ಗುಂಡು ಕೂರಿಸಿ ತಿರುಗಿಸುವುದು, ಎಲ್ಲಿ ಕೆಂಪು ಹತ್ತುತ್ತದೋ ಅಲ್ಲಿ ಅರೆಯುವುದು, ಮತ್ತೆ ಸವರುವುದು. ಗುಂಡಿನ ಮೈಯೆಲ್ಲ ಒಂದೇ ಸಮ ಕೆಂಪಾಗುವವರೆಗೆ ಬಿಡಲಿಲ್ಲ. ಎತ್ತಿನ ಕೊಂಬಿನ ಪುಡಿಯಲ್ಲಿ ಹುದುಗಿಸಿ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದರು. ಸ್ಪ್ರಿಂಗನ್ನು ಹಳೆಯ ಎಂಜಿನ್ನೊಂದರ ವಾಲ್ವಿನದರಿಂದ ಕತ್ತರಿಸಿಕೊಂಡ.

ಅರೆಯುವಾಗ ದಾಸಯ್ಯ ಒಮ್ಮೆ, "ಅಷ್ಟು ಸಿಟ್ಟಲ್ಲಿ ಉಜ್ಜಬ್ಯಾಡ ಕಣ್ಲಾ, ಸಣ್ಣ ಆಗೋಯ್ತದೆ" ಎಂದ. ಮಂಚಯ್ಯ ಅರ ಕೆಳಗಿಟ್ಟು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತ.

ಕಾರು ಓಡಿತು, ಸದ್ದಿಲ್ಲದೆ. ಅಂದಿನಿಂದ ಪ್ರತಿ ಭಾನುವಾರ ಮಂಚಯ್ಯ ಆ ಮುಚ್ಚಳ ಬಿಚ್ಚಿ ನೋಡುತ್ತಿದ್ದ. ತಾನೇ ಮಾಡಿದ್ದು, ತಾನೇ ಹಾಕಿದ್ದು, ಆದರೂ ನೋಡುತ್ತಿದ್ದ. ಷಣ್ಮುಖಪ್ಪ ಒಂದೆರಡು ಸಲ ಹೇಳಿ ಕಳಿಸಿದ, ಒಮ್ಮೆ ಬಂದು ಹೋಗು ಎಂದು. ಮಂಚಯ್ಯ ಹೋಗಲಿಲ್ಲ. ಹುಣಸೂರಿನಲ್ಲಿ ಆ ಬೀದಿಯನ್ನೇ ಬಿಟ್ಟು ಬಳಸು ದಾರಿಯಲ್ಲಿ ಓಡಾಡಿದ. ಸುನಂದಮ್ಮ ಹೋದ ಮನೆಯಲ್ಲೆಲ್ಲ ನಡೆದದ್ದನ್ನು ಹೇಳುತ್ತಿದ್ದರು. ಕೆಲವರು ನಂಬಿದರು. ಕೆಲವರು ಹೂಂ ಎಂದರು, ಅಷ್ಟೇ.

ಒಂದು ವರ್ಷ ಕಳೆದಿತ್ತು. ಕೊಪ್ಪದ ಪೇಟೆಯ ಹತ್ತಿರ ಹೊಗೆಸೊಪ್ಪು ಬೆಳೆಯುವ ಪುಟ್ಟಸ್ವಾಮಿ ಎಂಬ ಜಮೀನುದಾರನ ಮಗಳಿಗೆ ಚೊಚ್ಚಲ ಹೆರಿಗೆ. ದವಾಖಾನೆಗೇ ಕರೆದೊಯ್ಯಬೇಕೆಂದು ಸುನಂದಮ್ಮ ಹೇಳಿದರು. ಹುಡುಗಿಯನ್ನು ಎತ್ತಿ ತಂದರು. ಮಂಚಯ್ಯ ಬಾಗಿಲು ತೆರೆದು ಹಿಡಿದು ನಿಂತಿದ್ದ. ಪುಟ್ಟಸ್ವಾಮಿ ಅವನ ಎದುರಿಗೆ ಬಂದು ನಿಂತು, ಏನೋ ಕೇಳುವವನ ಹಾಗೆ ಮುಖವನ್ನು ಅವನ ಮುಖದ ಹತ್ತಿರ ತಂದು, ಮೂಸಿ ನೋಡಿದ.

ಸುನಂದಮ್ಮ ಅದನ್ನು ಕಂಡರು. "ಏನ್ರೀ ಅದು?" ಎಂದು ಸಿಡುಕಿದರು.

"ತಪ್ಪು ತಿಳ್ಕಬ್ಯಾಡಿ ಅಮ್ಮಾವ್ರೇ. ಹುಣಸೂರ್ ಕಡೆ ಏನೋ ಮಾತು ಕೇಳಿದ್ದೆ. ಮಗಳ ವಿಚಾರ ನೋಡಿ."

"ಇರ್ಲಿ ಬುಡಿ ಅಮ್ಮಾವ್ರೇ" ಎಂದ ಮಂಚಯ್ಯ. ಪುಟ್ಟಸ್ವಾಮಿಯ ಕಡೆ ತಿರುಗಿ ಬಾಯಿ ಅಗಲಿಸಿ ಉಸಿರು ಬಿಟ್ಟ. "ನೋಡ್ಕಳಿ ಸ್ವಾಮಿ. ಬೆಳಗ್ಗೆ ಕುಡ್ದಿದ್ದು ರಾಗಿ ಅಂಬ್ಲಿ."

ಪುಟ್ಟಸ್ವಾಮಿ ಪಕ್ಕಕ್ಕೆ ಸರಿದ. ಹುಡುಗಿ ನೋವಿನಲ್ಲಿ ನರಳುತ್ತಿದ್ದಳು. ಮಂಚಯ್ಯ ಬಾಗಿಲು ಹಾಕಿ, ಸುತ್ತಿ ಬಂದು ಕೂತು, ಕುಲುಕದ ಹಾಗೆ ನಿಧಾನವಾಗಿ ಕಾರನ್ನು ರಸ್ತೆಗೆ ಇಳಿಸಿದ. ಸಂಜೆಗೆ ಆಕೆಗೆ ಗಂಡು ಮಗು ಹುಟ್ಟಿತು.